ವಾಷಿಂಗ್ಟನ್ ಎಂಬ ಹೆಸರು ಯಾರದ್ದು?

ಅಮೆರಿಕದ ಅಂತರ್ಯುದ್ಧ ಮುಗಿದು ಗುಲಾಮರಿಗೆ ಬಿಡುಗಡೆ ಸಿಕ್ಕ ಹೊಸತು. ಪಶ್ಚಿಮ ವರ್ಜೀನಿಯಾದ ಮಾಲ್ಡನ್ ಎಂಬ ಊರಲ್ಲಿ ಉಪ್ಪು ಕಾಯಿಸುವ ಕುಲುಮೆಗಳಿದ್ದವು. ಅಲ್ಲಿ ಕಪ್ಪು ಜನರ ಮಕ್ಕಳಿಗೆಂದು ಒಂದು ಶಾಲೆ ಶುರುವಾಯಿತು. ಮೇಷ್ಟ್ರು ಹಾಜರಿ ಕೂಗುತ್ತಿದ್ದಾಗ ಒಬ್ಬ ಹುಡುಗನಿಗೆ ಗಾಬರಿ ಹತ್ತಿತು. ಉಳಿದವರೆಲ್ಲ ಎರಡೆರಡು ಹೆಸರು ಹೇಳುತ್ತಿದ್ದಾರೆ, ಕೆಲವರು ಮೂರು. ತನಗಿರುವುದು ಒಂದೇ, ಬೂಕರ್. ಸರದಿ ಬರುವಷ್ಟರಲ್ಲಿ ಅವನಿಗೆ ಉಪಾಯ ಹೊಳೆಯಿತು. ಹುಟ್ಟಿದಾಗಿನಿಂದ ಹಾಗೇ ಕರೆಸಿಕೊಂಡು ಬಂದವನಂತೆ, ತನ್ನ ಹೆಸರು ಬೂಕರ್ ವಾಷಿಂಗ್ಟನ್ ಎಂದುಬಿಟ್ಟ. ಅವನ ಮಲತಂದೆಗೆ ವಾಷಿಂಗ್ಟನ್ ಎಂಬ ಹೆಸರಿತ್ತು, ನಿಜ. ಆದರೆ ಅದು ಕುಲನಾಮವಲ್ಲ, ಮೊದಲ ಹೆಸರು. ಅಂದಮೇಲೆ ಹುಡುಗ ಮನೆತನದಿಂದ ಬಂದದ್ದನ್ನು ಹೇಳಲಿಲ್ಲ. ದೇಶದ ಮೊದಲ ಅಧ್ಯಕ್ಷನ ಮನೆತನದ ಹೆಸರನ್ನು ಎತ್ತಿ ತನ್ನದಾಗಿಸಿಕೊಂಡ.

ಹೀಗೆ ಎತ್ತಿಕೊಳ್ಳಲು ಅವನಿಗೆ ಹಕ್ಕಿತ್ತೇ? ಗುಲಾಮಗಿರಿಯಿಂದ ಈಗಷ್ಟೇ ಹೊರಬಂದ ಹುಡುಗ ಮುನ್ನೂರಕ್ಕೂ ಹೆಚ್ಚು ಗುಲಾಮರು ದುಡಿಯುತ್ತಿದ್ದ ಎಸ್ಟೇಟಿನ ಯಜಮಾನನ ಹೆಸರನ್ನು ತಾನಾಗಿಯೇ ಹೊತ್ತುಕೊಂಡದ್ದು ಸ್ವಾತಂತ್ರ್ಯವೋ, ಇನ್ನೊಂದು ಬಗೆಯ ಸಂಕೋಲೆಯೋ? ಈ ಪ್ರಶ್ನೆಗೆ ಉತ್ತರ ಹುಡುಕುವ ಮೊದಲು ಆ ಹೆಸರೇ ನಡೆದುಬಂದ ದಾರಿಯನ್ನು ನೋಡಬೇಕು.

ವಾಷಿಂಗ್ಟನ್ ಮೂಲತಃ ಮನುಷ್ಯನ ಹೆಸರಲ್ಲ, ಊರಿನ ಹೆಸರು. ಇಂಗ್ಲೆಂಡಿನ ಈಶಾನ್ಯಕ್ಕೆ, ಸಂಡರ್‌ಲ್ಯಾಂಡ್ ಹತ್ತಿರ, ಹಿಂದೆ ಡರಮ್ ಪ್ರಾಂತ್ಯಕ್ಕೆ ಸೇರಿದ್ದ ಊರು. ಹಳೆಯ ಇಂಗ್ಲಿಷಿನಲ್ಲಿ ಅದರ ಅರ್ಥ ವಾಸ್ಸ ಎಂಬವನ ಕಡೆಯವರ ಹಟ್ಟಿ. ನಮ್ಮ ಬೊಮ್ಮನಹಳ್ಳಿಯಲ್ಲಿ ಒಬ್ಬ ಬೊಮ್ಮ ಇರುವ ಹಾಗೆ ಅಲ್ಲೊಬ್ಬ ವಾಸ್ಸ. 1183ರ ಸುಮಾರಿಗೆ ವಿಲಿಯಂ ಎಂಬ ಜಮೀನ್ದಾರ ತನ್ನ ಹಾರ್ಟ್‌ಬರ್ನ್ ಹಳ್ಳಿಯನ್ನು ಡರಮ್‌ನ ಬಿಷಪ್ಪನಿಗೆ ಬಿಟ್ಟುಕೊಟ್ಟು, ಬದಲಿಗೆ ಈ ಊರನ್ನು ಪಡೆದ. ಅಲ್ಲಿಯವರೆಗೆ ಹಾರ್ಟ್‌ಬರ್ನಿನ ವಿಲಿಯಂ ಆಗಿದ್ದವನು ಅಂದಿನಿಂದ ವೆಸಿಂಗ್ಟನ್ನಿನ ವಿಲಿಯಂ.

ಇಲ್ಲಿ ಸ್ವಲ್ಪ ನಿಲ್ಲೋಣ. ಈ ವಿಲಿಯಂನಿಗೂ ಆ ವಾಸ್ಸನಿಗೂ ಏನು ಸಂಬಂಧ? ವಾಸ್ಸನದು ಸ್ಯಾಕ್ಸನ್ ಹೆಸರು, ವಿಲಿಯಂನದು ನಾರ್ಮನ್ನರು ತಂದ ಹೆಸರು. ಸ್ಯಾಕ್ಸನ್ನರ ನೆಲವನ್ನು ಗೆದ್ದು, ಫ್ರೆಂಚ್ ಮಾತಾಡುತ್ತ ಆಳುತ್ತಿದ್ದ ಜಮೀನ್ದಾರರ ಕಾಲ ಅದು. ಸೋತವರ ಹಟ್ಟಿಯ ಹೆಸರು ಆಳುವವನ ಮನೆತನದ ಹೆಸರಾಯಿತು. ವಿಲಿಯಂ ಅದನ್ನು ಅಪ್ಪನಿಂದ ಪಡೆಯಲಿಲ್ಲ, ವಿನಿಮಯದಲ್ಲಿ ನೆಲದ ಜೊತೆಗೆ ಪಡೆದ. ಅಂದರೆ ಮೊಟ್ಟಮೊದಲ ವಾಷಿಂಗ್ಟನ್ನನೂ ಹೆಸರನ್ನು ಎತ್ತಿಕೊಂಡವನೇ. ಅವನನ್ನು ಯಾರೂ ಹಾಜರಿ ಕರೆದು ವಿಚಾರಿಸಲಿಲ್ಲ ಅಷ್ಟೆ.

ಮುಂದಿನ ನಾಲ್ಕು ನೂರು ವರ್ಷಗಳನ್ನು ಬೇಗ ದಾಟಬಹುದು. ಮನೆತನದ ಒಂದು ಕವಲು ಲ್ಯಾಂಕಶೈರ್‌ಗೆ ಹೋಗಿ, ಅಲ್ಲಿಂದ ದಕ್ಷಿಣಕ್ಕೆ ಇಳಿಯಿತು. ಉಣ್ಣೆ ವ್ಯಾಪಾರಿ ಲಾರೆನ್ಸ್ ವಾಷಿಂಗ್ಟನ್ 1539ರಲ್ಲಿ ಸಲ್‌ಗ್ರೇವ್ ಎಂಬಲ್ಲಿ ಜಮೀನು ಕೊಂಡ. ಎಂಟನೆಯ ಹೆನ್ರಿ ಕ್ರೈಸ್ತ ಮಠಗಳನ್ನು ಮುಚ್ಚಿಸಿ ಮಾರಿದ ಆಸ್ತಿ ಅದು. ಅವನ ವಂಶದ ಇನ್ನೊಬ್ಬ ಲಾರೆನ್ಸ್ ಎಸೆಕ್ಸ್‌ನಲ್ಲಿ ಪಾದ್ರಿಯಾಗಿದ್ದು, ಇಂಗ್ಲೆಂಡಿನ ಅಂತರ್ಯುದ್ಧದ ಕಾಲದಲ್ಲಿ, 1643ರಲ್ಲಿ, ಕುಡುಕನೆಂಬ ಆರೋಪದ ಮೇಲೆ ಕೆಲಸ ಕಳೆದುಕೊಂಡ. ದಿಕ್ಕು ತಪ್ಪಿದ ಆ ಮನೆಯ ಮಗ ಜಾನ್ ಹಡಗು ಹತ್ತಿದ. 1657ರಲ್ಲಿ ವರ್ಜೀನಿಯಾದ ಪೊಟೊಮ್ಯಾಕ್ ನದಿಯಲ್ಲಿ ಹಡಗು ನೆಲಕಚ್ಚಿತು. ಜಾನ್ ಅಲ್ಲೇ ಉಳಿದ, ಮದುವೆಯಾದ, ಹೊಗೆಸೊಪ್ಪಿನ ತೋಟ ಮಾಡಿದ. ಆ ಕಾಲದಲ್ಲಿ ಇಂಗ್ಲೆಂಡಿನಿಂದ ಒಬ್ಬ ಆಳನ್ನು ಕರೆತಂದರೆ ತಲೆಗೆ 50 ಎಕರೆಯ ಲೆಕ್ಕದಲ್ಲಿ ಭೂಮಿ ಸಿಗುತ್ತಿತ್ತು. ಆ ಭೂಮಿ ಯಾರದ್ದೆಂದು ಅಲ್ಲಿದ್ದ ಮೂಲನಿವಾಸಿಗಳನ್ನು ಯಾರೂ ಕೇಳಲಿಲ್ಲ. ಅವರು ಜಾನ್‌ಗೆ ತಮ್ಮದೇ ಹೆಸರಿಟ್ಟರು: ಕೊನೊಟೊಕಾರಿಯಸ್. ಊರು ನುಂಗುವವನು ಎಂದರ್ಥ. ಮುಂದೆ ಅದೇ ಹೆಸರು ಜಾನ್‌ನ ಮರಿಮಗ ಜಾರ್ಜ್‌ಗೂ ಅಂಟಿತು. 1779ರಲ್ಲಿ ಜಾರ್ಜ್‌ನ ಆಜ್ಞೆಯಂತೆ ಸೇನೆ ಇರೊಕ್ವಾ ಜನರ ನಲವತ್ತರಷ್ಟು ಹಳ್ಳಿಗಳನ್ನು ಸುಟ್ಟಿತು. ಊರಿನ ಹೆಸರು ಹೊತ್ತ ಮನೆತನಕ್ಕೆ ಎದುರಿನವರು ಕೊಟ್ಟ ಹೆಸರು ಇದು.

ಜಾರ್ಜ್ ವಾಷಿಂಗ್ಟನ್‌ಗೆ ಸ್ವಂತ ಮಕ್ಕಳಿರಲಿಲ್ಲ. 1799ರಲ್ಲಿ ಅವನು ಸತ್ತಾಗ ಮೌಂಟ್ ವರ್ನನ್ ಎಸ್ಟೇಟಿನಲ್ಲಿ 317 ಗುಲಾಮರಿದ್ದರು. ಅವರಲ್ಲಿ ತನಗೆ ಸೇರಿದ 123 ಮಂದಿಗೆ ಹೆಂಡತಿಯ ಕಾಲಾನಂತರ ಬಿಡುಗಡೆ ಎಂದು ಉಯಿಲು ಬರೆದಿದ್ದ. ಆಕೆ ಸಾವಿನವರೆಗೆ ಕಾಯದೆ 1801ರ ಜನವರಿ 1ರಂದೇ ಅವರನ್ನು ಬಿಟ್ಟಳು. ಉಳಿದ ಬಹುಪಾಲು ಜನ ಆಕೆಯ ಮೊದಲ ಗಂಡನ ಆಸ್ತಿಗೆ ಸೇರಿದವರು. ಅವರು ವಾರಸುದಾರರ ನಡುವೆ ಹಂಚಿಹೋದರು.

ಅಷ್ಟು ಹೊತ್ತಿಗೆ ವಾಷಿಂಗ್ಟನ್ ಎಂಬ ಹೆಸರು ಇನ್ನೊಂದು ದಾರಿಯಲ್ಲಿ ಬಹಳ ದೂರ ಹೋಗಿಯಾಗಿತ್ತು. ಆಫ್ರಿಕಾದ ಗ್ಯಾಂಬಿಯಾ ನದಿಯ ಸೀಮೆಯಲ್ಲಿ ಹುಟ್ಟಿದ ಒಬ್ಬ ಯುವಕನನ್ನು ಜಾರ್ಜ್ 1763ರಲ್ಲಿ ಕೊಂಡಿದ್ದ. ಎಸ್ಟೇಟಿನ ಲೆಕ್ಕದಲ್ಲಿ ಅವನು ಬರೀ ಹ್ಯಾರಿ. ಮೊದಲು ಜೌಗು ನೆಲ ಬತ್ತಿಸುವ ಕೆಲಸ, ಆಮೇಲೆ ಕುದುರೆ ಲಾಯ. 1771ರಲ್ಲಿ ಓಡಿಹೋಗಿ ಸಿಕ್ಕಿಬಿದ್ದ. 1776ರಲ್ಲಿ ಮತ್ತೆ ಓಡಿದ. ದಂಗೆಕೋರ ಯಜಮಾನರನ್ನು ಬಿಟ್ಟು ಬಂದ ಗುಲಾಮರಿಗೆ ಬ್ರಿಟಿಷರು ಬಿಡುಗಡೆ ಸಾರಿದ್ದರು. ಒಡೆಯ ಬ್ರಿಟಿಷರ ವಿರುದ್ಧ ಸ್ವಾತಂತ್ರ್ಯಕ್ಕಾಗಿ ಹೋರಾಡುತ್ತಿದ್ದಾಗ ಆಳು ಸ್ವಾತಂತ್ರ್ಯಕ್ಕಾಗಿ ಬ್ರಿಟಿಷರ ಕಡೆ ಸೇರಿದ. 1783ರಲ್ಲಿ ಯುದ್ಧ ಮುಗಿದಾಗ ಗುಲಾಮರನ್ನು ಹಿಂತಿರುಗಿಸಿ ಎಂದು ಜಾರ್ಜ್ ಕೇಳಿದ. ಬ್ರಿಟಿಷ್ ಸೇನಾಪತಿ ಗೈ ಕಾರ್ಲ್‌ಟನ್ ಒಪ್ಪಲಿಲ್ಲ, ಹೊರಟವರ ಪಟ್ಟಿಯನ್ನಷ್ಟೇ ಬರೆಸಿಟ್ಟ. ನ್ಯೂಯಾರ್ಕಿನಿಂದ ಹಡಗು ಹತ್ತಿದ ಮೂರು ಸಾವಿರ ಜನರ ಆ ಪಟ್ಟಿಯಲ್ಲಿ 43 ವರ್ಷದ ಹ್ಯಾರಿ ವಾಷಿಂಗ್ಟನ್ ಇದ್ದಾನೆ. ಜನರಲ್ ವಾಷಿಂಗ್ಟನ್ನರ ಸೊತ್ತಾಗಿದ್ದವನು ಎಂದೂ ಅಲ್ಲೇ ನಮೂದಾಗಿದೆ. ಸೊತ್ತು ಮತ್ತು ಸೊತ್ತಿನ ಒಡೆಯ, ಇಬ್ಬರಿಗೂ ಒಂದೇ ಹೆಸರು, ಒಂದೇ ಸಾಲಿನಲ್ಲಿ.

ಹ್ಯಾರಿ ನೋವಾ ಸ್ಕೋಷಿಯಾದ ಚಳಿಯಲ್ಲಿ ಒಂಬತ್ತು ವರ್ಷ ಕಳೆದ. 1792ರಲ್ಲಿ ಸುಮಾರು 1,200 ಜನರೊಂದಿಗೆ ಆಫ್ರಿಕಾದ ಸಿಯೆರಾ ಲಿಯೋನಿಗೆ ಹೊರಟ. ಯಾವ ಖಂಡದಿಂದ ಹ್ಯಾರಿಯನ್ನು ಹಿಡಿದು ತಂದಿದ್ದರೋ ಆ ಖಂಡಕ್ಕೆ ವಾಷಿಂಗ್ಟನ್ ಎಂಬ ಹೆಸರು ಕಾಲಿಟ್ಟಿತು. ಆದರೆ ಕಂಪನಿಯವರು ಕಂದಾಯವಿಲ್ಲದ ಜಮೀನು ಎಂದು ಮಾತು ಕೊಟ್ಟು, ಆಮೇಲೆ ಕಂದಾಯ ಕೇಳಿದರು. 1800ರಲ್ಲಿ ಜನ ಬಂಡೆದ್ದರು. ಬಂಡಾಯ ಮುರಿದುಬಿತ್ತು. ಹ್ಯಾರಿಯನ್ನು ನದಿಯಾಚೆಯ ಬುಲ್ಲಮ್ ತೀರಕ್ಕೆ ಗಡೀಪಾರು ಮಾಡಿದರು. ತೆರಿಗೆಯ ವಿಷಯಕ್ಕೆ ದೊರೆಗಳ ವಿರುದ್ಧ ಎದ್ದ ಇಬ್ಬರು ವಾಷಿಂಗ್ಟನ್ನರಲ್ಲಿ ಒಬ್ಬನ ಹೆಸರಲ್ಲಿ ರಾಜಧಾನಿ ಇದೆ. ಇನ್ನೊಬ್ಬನ ಹೆಸರು ಇತಿಹಾಸ ಓದುವವರಿಗೆ ಮಾತ್ರ ಗೊತ್ತು.

2000ದ ಜನಗಣತಿಯಲ್ಲಿ ಅಮೆರಿಕದಲ್ಲಿ 1,63,036 ವಾಷಿಂಗ್ಟನ್ನರು ಸಿಕ್ಕರು. ಅವರಲ್ಲಿ ನೂರಕ್ಕೆ ತೊಂಬತ್ತು ಮಂದಿ ಕಪ್ಪು ಜನ. ಇವರೆಲ್ಲ ಮೌಂಟ್ ವರ್ನನ್ನಿನವರ ಸಂತತಿಯಲ್ಲ. ಬಿಡುಗಡೆಯ ನಂತರ ಬೂಕರ್‌ನಂತೆ ಆರಿಸಿಕೊಂಡವರು ಅನೇಕರು. ಇಂದು ಅಮೆರಿಕದ ಯಾವುದೋ ಕಚೇರಿಯಲ್ಲಿ ಈ ಹೆಸರು ಕೂಗಿದರೆ ಎದ್ದು ನಿಲ್ಲುವವರು ಹೆಚ್ಚಾಗಿ ಅವರ ಮೊಮ್ಮಕ್ಕಳು, ಮರಿಮಕ್ಕಳು.

ಇದಕ್ಕೆ ಮಾಲ್ಕಮ್ ಎಕ್ಸ್ ಅವರ ಆಕ್ಷೇಪವಿದೆ, ಅದನ್ನು ಸುಲಭವಾಗಿ ತಳ್ಳಿಹಾಕಲಾಗದು. ಅವರು ಹುಟ್ಟಿದ್ದು ಮಾಲ್ಕಮ್ ಲಿಟ್ಲ್ ಆಗಿ. ಲಿಟ್ಲ್ ಎಂಬುದು ತನ್ನ ಪೂರ್ವಜರ ಮೇಲೆ ಯಾವನೋ ಬಿಳಿಯ ಒಡೆಯ ಹೇರಿದ ಹೆಸರು ಎಂದು ಅದನ್ನು ಕಿತ್ತೆಸೆದು, ಕಳೆದುಹೋದ ಆಫ್ರಿಕನ್ ಹೆಸರಿನ ಜಾಗದಲ್ಲಿ ಎಕ್ಸ್ ಎಂಬ ಗುರುತನ್ನಿಟ್ಟರು. ದನಕ್ಕೆ ಹಾಕಿದ ಬರೆಯನ್ನು ಆಭರಣವೆಂದು ತೊಟ್ಟು ತಿರುಗಬೇಕೆ ಎಂಬುದು ಆ ನಿಲುವಿನೊಳಗಿನ ಪ್ರಶ್ನೆ. ನಾನು ಎಷ್ಟೋ ಸಲ ಈ ವಾದಕ್ಕೆ ತಲೆಬಾಗಿದ್ದೇನೆ. ಆದರೆ ಹೇರಿದ ಹೆಸರೂ ಆರಿಸಿಕೊಂಡ ಹೆಸರೂ ಕಾಗದದ ಮೇಲೆ ಒಂದೇ ಥರ ಕಂಡರೂ ಒಂದೇ ಅಲ್ಲ. ನಮ್ಮ ಕರಾವಳಿಯ ಕ್ಯಾಥೊಲಿಕ್ ಮನೆಗಳ ಡಿಸೋಜ, ಪಿಂಟೊ, ಲೋಬೊಗಳೂ ಪೋರ್ಚುಗೀಸರಿಂದ ಬಂದವು. ಮಗನನ್ನು ಊಟಕ್ಕೆ ಕರೆಯುವ ತಾಯಿಗೆ ಲಿಸ್ಬನ್ ಯಾಕೆ ನೆನಪಾದೀತು?

ಹಾಗೆಂದು ವಿಲಿಯಂ, ಬೂಕರ್ ಇಬ್ಬರೂ ಮಾಡಿದ್ದು ಒಂದೇ ಎಂದರೆ ನಾನೂ ಮೋಸ ಮಾಡಿದಂತೆ. ವಿಲಿಯಂನಿಗೆ ಹೆಸರಿನ ಜೊತೆ ಊರು ಬಂತು. ಬೂಕರ್‌ಗೆ ಬಂದದ್ದು ಹೆಸರು ಮಾತ್ರ. ಬಿಡುಗಡೆಯಾದವರಿಗೆ ನಲವತ್ತು ಎಕರೆ ಕೊಡುತ್ತೇವೆಂದ ಮಾತು ಅದೇ ವರ್ಷ ಮುರಿದಿತ್ತು. ವಾಷಿಂಗ್ಟನ್ ಎಂಬ ಹೆಸರು ಯಾರದ್ದು ಎಂದು ಕೇಳುವಾಗ ನಮ್ಮನ್ನು ಕಾಡಬೇಕಾದದ್ದು ಈ ವ್ಯತ್ಯಾಸವೇ. ಕಪ್ಪು ಹುಡುಗ ಬಿಳಿಯನ ಹೆಸರು ತೆಗೆದುಕೊಂಡನಲ್ಲ ಎಂದು ಹುಬ್ಬೇರಿಸುವವರು, ಆ ಹೆಸರಿನೊಂದಿಗೆ ಬರಬೇಕಿದ್ದ ನೆಲ ಎಲ್ಲಿ ಹೋಯಿತು ಎಂದು ಕೇಳುವುದಿಲ್ಲ.

ಬೂಕರ್‌ನ ಕತೆಗೆ ಇನ್ನೊಂದು ತುಣುಕಿದೆ. ಹುಟ್ಟಿದಾಗ ಅಮ್ಮ ತನಗೆ ಬೂಕರ್ ತಾಲಿಯಾಫೆರೊ ಎಂದು ಹೆಸರಿಟ್ಟಿದ್ದಳು ಎಂಬುದು ಅವನಿಗೆ ತಡವಾಗಿ ತಿಳಿಯಿತು. ತಿಳಿದ ಮೇಲೆ ಹಾಜರಿಯ ದಿನ ಆರಿಸಿಕೊಂಡದ್ದನ್ನು ಬಿಡಲಿಲ್ಲ, ಅಮ್ಮ ಕೊಟ್ಟದ್ದನ್ನೂ ಬಿಡಲಿಲ್ಲ. ಅದನ್ನು ನಡುವೆ ಸೇರಿಸಿಕೊಂಡು ಬೂಕರ್ ಟಿ. ವಾಷಿಂಗ್ಟನ್ ಆದ. ತಾಲಿಯಾಫೆರೊ ಇಟಲಿ ಮೂಲದ ಹೆಸರು, ಕಬ್ಬಿಣ ಕಡಿಯುವವನು ಎಂದು ಅರ್ಥ. ಹದಿನೇಳನೆಯ ಶತಮಾನದಲ್ಲಿ ಇಂಗ್ಲೆಂಡಿನ ಮೂಲಕ ವರ್ಜೀನಿಯಾಕ್ಕೆ ಬಂದಿತ್ತು. ಅಲ್ಲಿಯ ಜನ ಅದನ್ನು ಟಾಲಿವರ್ ಎಂದು ಉಚ್ಚರಿಸುತ್ತಿದ್ದರು. ಓದಲು ಬರೆಯಲು ಬಾರದ, ಒಂದು ತೋಟದ ಅಡುಗೆಮನೆಯಲ್ಲಿ ಗುಲಾಮಳಾಗಿ ದುಡಿಯುತ್ತಿದ್ದ ಆ ಅಮ್ಮ ಅದನ್ನು ಎಲ್ಲಿಂದಲೋ ಕೇಳಿ, ಇಷ್ಟಪಟ್ಟು, ಮಗನಿಗೆ ಇಟ್ಟಿದ್ದಳು.