ದಡ್ಡಿಯಾಗಿದ್ದಿದ್ದರೆ ಸರಿಯಾಗುತ್ತಿತ್ತೇ?

1924ರ ನವೆಂಬರ್‌ನಲ್ಲಿ ಅಮೆರಿಕದ ವರ್ಜೀನಿಯಾದ ಕೋರ್ಟೊಂದು ಎಂಟು ತಿಂಗಳೂ ತುಂಬದ ಹೆಣ್ಣುಕೂಸಿನ ಬುದ್ಧಿಮಟ್ಟದ ಬಗ್ಗೆ ಸಾಕ್ಷಿ ಕೇಳಿತು. ತಾಯಿಗೆ ಮತ್ತೆ ಮಕ್ಕಳಾಗದಂತೆ ಶಸ್ತ್ರಚಿಕಿತ್ಸೆ ಮಾಡಬಹುದೇ ಎಂಬುದು ಅದರ ಮುಂದಿದ್ದ ಪ್ರಶ್ನೆ. ಕೂಸಿನ ನೋಟ ಯಾಕೋ ಸಹಜವಾಗಿಲ್ಲ ಎಂದಳು ಸಮಾಜಸೇವಾ ಕಾರ್ಯಕರ್ತೆ. ತಾಯಿ ಕ್ಯಾರಿ ಬಕ್, ಅಜ್ಜಿ ಎಮ್ಮಾ ಇಬ್ಬರ ಮೇಲೂ ಆಗಲೇ ‘ಮಂದಬುದ್ಧಿ’ಯ ಮುದ್ರೆ ಬಿದ್ದಿತ್ತು. ಮೂರನೆಯ ತಲೆಮಾರೂ ಸೇರಿತಲ್ಲ, ದೋಷ ರಕ್ತದಲ್ಲೇ ಇದೆ ಎನ್ನಲು ಇನ್ನೇನು ಬೇಕು!

ಸಾಕುಮನೆಯವರ ಬಂಧುವೊಬ್ಬನ ಅತ್ಯಾಚಾರದಿಂದ ತಾನು ಬಸುರಾದೆ ಎಂದು ಕ್ಯಾರಿ ಮುಂದೆ ಹೇಳಿದಳು. ಆ ಮನೆಯವರು ಅವಳನ್ನು ಲಿಂಚ್‌ಬರ್ಗ್ ಬಳಿ ‘ಮಂದಬುದ್ಧಿ’ಯವರಿಗಿದ್ದ ಸರ್ಕಾರಿ ಧಾಮಕ್ಕೆ ಸಾಗಹಾಕಿದ್ದರು. ಅವಳ ಪರ ನಿಂತ ವಕೀಲನೋ, ಅದೇ ಧಾಮದ ಆಡಳಿತ ಮಂಡಳಿಯ ಮಾಜಿ ಸದಸ್ಯ. 1927ರಲ್ಲಿ ಸುಪ್ರೀಂ ಕೋರ್ಟ್ ಅವಳ ಸಂತಾನಹರಣ ಶಸ್ತ್ರಚಿಕಿತ್ಸೆಗೆ ಒಪ್ಪಿಗೆ ಕೊಟ್ಟಿತು. ಎಂಟು ನ್ಯಾಯಮೂರ್ತಿಗಳು ಪರ, ಒಬ್ಬರು ವಿರೋಧ. ಆ ಒಬ್ಬರು ಕ್ಯಾಥೊಲಿಕ್ ಪಿಯರ್ಸ್ ಬಟ್ಲರ್, ಕಾರಣ ಬರೆಯಲಿಲ್ಲ. ಬಲವಂತದ ಸಂತಾನಹರಣಕ್ಕೆ ಅವಕಾಶ ಕೊಟ್ಟ ಇಂಥ ಕಾನೂನುಗಳಡಿ ಅಮೆರಿಕದಲ್ಲಿ ಶಸ್ತ್ರಚಿಕಿತ್ಸೆಗೆ ಒಳಗಾದವರು 60,000ಕ್ಕೂ ಹೆಚ್ಚು.

ಆ ಕೂಸು ವಿವಿಯನ್ ಶಾಲೆಗೆ ಹೋದಳು. 1931ರಲ್ಲಿ ಒಳ್ಳೆಯ ಅಂಕ ಪಡೆದವರ ಪಟ್ಟಿಯಲ್ಲೂ ಹೆಸರು ಬಂತು. ಮರುವರ್ಷ ಕರುಳಿನ ಕಾಯಿಲೆಯಿಂದ ತೀರಿಕೊಂಡಳು.

ಈ ಕಥೆ ಹೇಳುವವರೆಲ್ಲ ವಿವಿಯನ್‌ಳ ಅಂಕಗಳ ಬಳಿ ಬಂದು ನಿಲ್ಲುತ್ತಾರೆ. ನೋಡಿ, ಮಗು ಜಾಣೆಯೇ ಆಗಿತ್ತು, ಕೋರ್ಟು ಎಡವಿತು! ವಾದ ಮನಸ್ಸಿಗೆ ನಾಟುತ್ತದೆ, ನಿಜ. ಆದರೆ ಅದರೊಳಗೊಂದು ಮುಳ್ಳಿದೆ. ಮಗು ನಪಾಸಾಗಿದ್ದರೆ? ಆಗ ತಾಯಿಯ ಹೊಟ್ಟೆಗೆ ಕತ್ತಿ ಹಾಕಿದ್ದು ನ್ಯಾಯವಾಗುತ್ತಿತ್ತೇ? ಅಂಕ ತೋರಿಸಿ ಕ್ಯಾರಿಯ ಪರ ವಾದಿಸುವವರು ಕೋರ್ಟಿನ ಅಳತೆಗೋಲನ್ನೇ ಕೈಗೆತ್ತಿಕೊಂಡಿರುತ್ತಾರೆ. 1930ರ ಕೊನೆಯಲ್ಲಿ ಪೋಪ್ 11ನೇ ಪಯಸ್ ಬರೆದ ಪತ್ರದ ದಾರಿ ಬೇರೆ: ತಪ್ಪು ಮಾಡದವರ ದೇಹದ ಮೇಲೆ ಸರ್ಕಾರಕ್ಕೆ ಹಕ್ಕಿಲ್ಲ. ಅದೇ ಪತ್ರ ಗರ್ಭನಿರೋಧವನ್ನೂ ಖಂಡಿಸುತ್ತದೆ, ಅದನ್ನು ಒಪ್ಪದವರು ಬಹಳ. ಆದರೂ ಈ ಒಂದು ವಿಷಯದಲ್ಲಿ ಇಂಥ ಕಾನೂನುಗಳನ್ನು ಬೆಂಬಲಿಸಿದ ಅಂದಿನ ಪ್ರಗತಿಪರರಿಗಿಂತ ಆ ಹಳೆಯ ಚರ್ಚು ಮುಂದಿತ್ತು. ಅದರ ವಾದಕ್ಕೆ ಯಾರ ಅಂಕವೂ ಬೇಕಿರಲಿಲ್ಲ.

ಈಗ ಅಳತೆ ಸೂಕ್ಷ್ಮವಾಗಿದೆ. 2018ರಲ್ಲಿ ಸುಮಾರು 11 ಲಕ್ಷ ಜನರ ಡಿಎನ್‌ಎ ಜಾಲಾಡಿದ ಅಧ್ಯಯನವೊಂದು, ಎಷ್ಟು ವರ್ಷ ಓದಿದರು ಎಂಬುದರೊಂದಿಗೆ ತಳುಕು ಹಾಕಿಕೊಂಡ 1,271 ಬಿಂದುಗಳನ್ನು ಗುರುತಿಸಿತು. ಇವುಗಳ ಜೊತೆಗೆ ಡಿಎನ್‌ಎಯ ಇನ್ನೂ ಬಹಳಷ್ಟು ಬಿಂದುಗಳನ್ನು ಸೇರಿಸಿ ಕಟ್ಟುವ ಅಂಕ ಯುರೋಪ್ ಮೂಲದವರ ಓದಿನ ವ್ಯತ್ಯಾಸದಲ್ಲಿ ನೂರಕ್ಕೆ 11ರಿಂದ 13 ಪಾಲನ್ನಷ್ಟೇ ವಿವರಿಸುತ್ತದೆ. ಆಫ್ರಿಕನ್ ಅಮೆರಿಕನ್ನರಲ್ಲಿ ಅದು ಬಹುತೇಕ ಕೈಕೊಡುತ್ತದೆ. ಒಡಹುಟ್ಟಿದವರನ್ನು ಹೋಲಿಸಿದರೂ ಅದರ ಬಲ ಕುಗ್ಗುತ್ತದೆ, ಏಕೆಂದರೆ ವಂಶವಾಹಿಯ ಲೆಕ್ಕದಲ್ಲಿ ಅಪ್ಪ ಅಮ್ಮನ ಮನೆಯ ವಾತಾವರಣವೂ ನುಸುಳಿರುತ್ತದೆ. ಸಮಾಜಶಾಸ್ತ್ರಜ್ಞ ಕ್ರಿಸ್ಟೋಫರ್ ಜೆಂಕ್ಸ್ 1972ರಲ್ಲೇ ಎಚ್ಚರಿಸಿದ್ದರು: ಕೆಂಗೂದಲಿನ ಮಕ್ಕಳನ್ನು ಶಾಲೆಗೆ ಸೇರಿಸದ ನಾಡಿನಲ್ಲಿ ಕೆಂಗೂದಲಿನ ವಂಶವಾಹಿಯೇ ಅನಕ್ಷರತೆಯ ವಂಶವಾಹಿಯಾಗಿ ಕಾಣುತ್ತದೆ.

ಹಾಗಾದರೆ ಸಂಶೋಧನೆಯನ್ನೇ ನಿಲ್ಲಿಸಬೇಕೇ? ಮನಶ್ಶಾಸ್ತ್ರಜ್ಞೆ ಕ್ಯಾಥರಿನ್ ಪೇಜ್ ಹಾರ್ಡನ್ ಬೇಡ ಎನ್ನುತ್ತಾರೆ. ವಂಶವಾಹಿ ಯಾರೂ ದುಡಿದು ಗಳಿಸಿದ್ದಲ್ಲ, ಅದೃಷ್ಟದ ಚೀಟಿ; ಹಾಗಿರುವಾಗ ಅದರಿಂದ ಹುಟ್ಟುವ ಅಸಮಾನತೆಯನ್ನು ಯೋಗ್ಯತೆಯೆಂದು ಸಮರ್ಥಿಸುವಂತಿಲ್ಲ ಎಂಬುದು ಅವರ ವಾದ. ತೂಕದ ಮಾತೇ. ಆದರೆ ಚೀಟಿ ಎತ್ತುವ ಮೊದಲೇ ಇಣುಕಿ ನೋಡುವ ವ್ಯಾಪಾರವೂ ಶುರುವಾಗಿದೆ.

ಪ್ರನಾಳ ಶಿಶುವಿನ ಭ್ರೂಣಗಳಿಗೆ ಅಂಕ ಕೊಡುವ ಕಂಪನಿಗಳು ಅಮೆರಿಕದಲ್ಲಿವೆ. ಅತಿ ಹೆಚ್ಚು ಅಂಕದ ಭ್ರೂಣವನ್ನೇ ಆರಿಸಿದರೂ ಐಕ್ಯೂನಲ್ಲಿ ಸಿಗುವ ಲಾಭ ಸರಾಸರಿ ಎರಡೂವರೆ ಅಂಕ ಎಂದು 2019ರ ಅಧ್ಯಯನವೊಂದು ಲೆಕ್ಕ ಹಾಕಿತು. ಇಷ್ಟಕ್ಕೆ ಯಾಕೆ ಖರ್ಚು ಎಂದು ಟೀಕಾಕಾರರು ನಗುತ್ತಾರೆ. ಆದರೆ ಲಾಭ ಇಪ್ಪತ್ತೈದು ಅಂಕಕ್ಕೇರಿದರೆ ಈ ಟೀಕೆ ಉಳಿಯುವುದಿಲ್ಲ. ಕಡಿಮೆ ಅಂಕದ ಭ್ರೂಣವನ್ನು ಬದಿಗಿಡುವ ದಂಪತಿಗೆ ಆಗ ಏನು ಹೇಳಬೇಕೆಂಬುದನ್ನು ಲೆಕ್ಕದವರು ಹೇಳಲಾರರು.