‘ಸಾಕು’ ಎಂದರೆ ಎಷ್ಟು?

ಮಗು ಮಾತು ಕಲಿಯುವಾಗ ‘ಬೇಕು’, ‘ಬೇಡ’, ‘ಸಾಕು’ ಎಂಬ ಮೂರು ಪದಗಳು ಬಹು ಬೇಗ ನಾಲಿಗೆಗೆ ಹತ್ತುತ್ತವೆ. ಮೊದಲಿನ ಎರಡರ ಅರ್ಥವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಮೂರನೆಯದರ ಅರ್ಥವನ್ನು ಮಾತ್ರ ಎಪ್ಪತ್ತು ವರ್ಷ ಬಾಳಿದ ಮೇಲೂ ನಮ್ಮಲ್ಲಿ ಅನೇಕರು ಹುಡುಕುತ್ತಲೇ ಇರುತ್ತೇವೆ. ನಿಘಂಟನ್ನು ತೆರೆದರೆ ‘ಬೇಕಾದಷ್ಟು’ ಎಂಬ ವಿವರಣೆ ಸಿಗುತ್ತದೆ. ಅಷ್ಟರಿಂದ ಮನೆ ನಡೆಯುವುದಿಲ್ಲ. ಯಾರಿಗೆ ಬೇಕಾದಷ್ಟು? ಅದನ್ನು ನಿರ್ಧರಿಸುವವರು ಯಾರು? ನಿಘಂಟು ಇಂಥ ಪ್ರಶ್ನೆಗಳನ್ನು ನಮಗೇ ಬಿಟ್ಟಿದೆ. ಆದ್ದರಿಂದ ಈ ಎರಡಕ್ಷರದ ಪದಕ್ಕೆ ನಮ್ಮದೇ ಆದ ಒಂದು ಅರ್ಥವನ್ನು ಕಟ್ಟಿಕೊಳ್ಳಲು ಪ್ರಯತ್ನಿಸೋಣ.

ಊಟದ ಪಂಕ್ತಿಯಿಂದಲೇ ಆರಂಭಿಸಬಹುದು. ಬಡಿಸುವವನು ಅನ್ನದ ಪಾತ್ರೆ ಹಿಡಿದು ಬಂದಾಗ ‘ಬೇಡ’ ಎಂದರೆ ಅದು ನಿರಾಕರಣೆ. ‘ಸಾಕು’ ಎಂದರೆ ಹಾಗಲ್ಲ. ನಾನು ಪಡೆದಿದ್ದೇನೆ, ತೃಪ್ತನಾಗಿದ್ದೇನೆ, ಉಳಿದದ್ದು ಮುಂದಿನವರಿಗೆ ಹೋಗಲಿ ಎಂಬಷ್ಟು ಮಾತು ಅದರೊಳಗೆ ಅಡಗಿದೆ. ಪಡೆಯದವನು ‘ಬೇಡ’ ಎನ್ನಬಲ್ಲ, ‘ಸಾಕು’ ಎನ್ನಲಾರ. ನಮ್ಮ ಭಾಷೆಯಲ್ಲಿ ‘ವಂದನೆ’ ಎಂಬ ಪದವನ್ನು ದಿನಬಳಕೆಯಲ್ಲಿ ಅಷ್ಟಾಗಿ ಆಡುವುದಿಲ್ಲ ಎಂದು ಹೊರಗಿನವರು ಆಕ್ಷೇಪಿಸುವುದುಂಟು. ಎಲೆಯ ಮೇಲೆ ಕೈ ಅಡ್ಡ ಹಿಡಿದು ‘ಸಾಕು, ಸಾಕು’ ಎನ್ನುವುದೇ ನಮ್ಮ ವಂದನೆ ಎಂದು ಅವರಿಗೆ ತಿಳಿಯದು.

ಈ ಪಂಕ್ತಿಯಲ್ಲಿ ಇನ್ನೊಂದು ನಿಯಮವೂ ಇದೆ. ‘ಸಾಕು’ ಎಂದು ಹೇಳುವ ಹಕ್ಕು ಉಣ್ಣುವವನದು, ಬಡಿಸುವವನದಲ್ಲ. ಬಡಿಸುವವನು ‘ಇನ್ನಷ್ಟು ಹಾಕಲೇ?’ ಎಂದು ಕೇಳಬೇಕು. ಅವನೇ ‘ನಿನಗೆ ಇಷ್ಟು ಸಾಕು’ ಎಂದುಬಿಟ್ಟರೆ ಊಟ ಅವಮಾನವಾಗುತ್ತದೆ. ಪದ ಒಂದೇ, ಆದರೆ ಬಾಯಿ ಬದಲಾದೊಡನೆ ತೃಪ್ತಿಯ ಮಾತು ಜಿಪುಣತನದ ಮಾತಾಗುತ್ತದೆ.

ಹಾಗಾದರೆ ಬಡಿಸುವವನಿಗೆ ಯಾವ ಪದವೂ ಇಲ್ಲವೇ? ಇದೆ, ಮತ್ತು ಅದೂ ‘ಸಾಕು’ ಎಂಬುದೇ. ಕನ್ನಡದಲ್ಲಿ ಸಾಕುವುದು ಎಂದರೆ ಪೋಷಿಸುವುದು, ಸಲಹುವುದು. ಸಾಕುತಾಯಿ, ಸಾಕುಮಗ, ಸಾಕುಪ್ರಾಣಿ ಎಂಬ ಪದಗಳು ನಮ್ಮ ಮನೆಗಳಲ್ಲಿ ದಿನವೂ ಕೇಳಿಬರುತ್ತವೆ. ವ್ಯಾಕರಣ ಬಲ್ಲವರು ಇವೆರಡನ್ನೂ ಬೇರೆ ಬೇರೆ ಪದಗಳೆಂದು ಎಣಿಸುತ್ತಾರೆ. ಅವರು ಹೇಳುವುದು ಸರಿಯೇ. ಆದರೂ ಒಂದೇ ಉಚ್ಚಾರಣೆಯಲ್ಲಿ ಇವೆರಡು ಕೂಡಿಬಂದಿರುವುದನ್ನು ನೋಡಿ ನಾವು ಒಂದು ಪಾಠ ಕಲಿತರೆ ತಪ್ಪೇನಿಲ್ಲ. ನಾನು ನನ್ನ ಎಲೆಗೆ ‘ಸಾಕು’ ಎಂದಾಗ ಇನ್ನೊಬ್ಬರನ್ನು ಸಾಕುವುದು ಸಾಧ್ಯವಾಗುತ್ತದೆ. ‘ಸಾಕು’ ಎಂಬುದಕ್ಕೆ ನಾನು ಕೊಡಬಯಸುವ ಅರ್ಥ ಇದು: ನನ್ನ ಪಾಲಿನ ಬಗ್ಗೆ ನಾನೇ ಹೇಳಬೇಕಾದ, ಮತ್ತೊಬ್ಬರ ಪೋಷಣೆಗೆ ದಾರಿ ಬಿಡುವ ಮಾತು.

ಪವಿತ್ರ ಗ್ರಂಥ ಈ ಅರ್ಥವನ್ನು ಒಪ್ಪುತ್ತದೆಯೇ ಎಂದು ನೋಡೋಣ. ವಿಮೋಚನಾಕಾಂಡದ 16ನೆಯ ಅಧ್ಯಾಯದಲ್ಲಿ ಮರುಭೂಮಿಯ ಜನರಿಗೆ ಮನ್ನ ದೊರೆತಾಗ, ತಲೆಗೆ ಒಂದು ಓಮೆರ್ ಎಂಬುದು ಅಳತೆಯಾಗಿತ್ತು. ಹೆಚ್ಚು ಕೂಡಿಸಿಕೊಂಡವನಿಗೆ ಅಳೆದಾಗ ಮಿಗಲಿಲ್ಲ, ಕಡಿಮೆ ಕೂಡಿಸಿದವನಿಗೆ ಕೊರತೆಯಾಗಲಿಲ್ಲ. ನಾಳೆಗೆಂದು ಬಚ್ಚಿಟ್ಟದ್ದು ಹುಳ ಬಿದ್ದು ನಾರಿತು. ಸಬ್ಬತ್ತಿನ ಹಿಂದಿನ ದಿನ ಮಾತ್ರ ಎರಡರಷ್ಟು ಕೂಡಿಸಿಡಲು ಅಪ್ಪಣೆಯಿತ್ತು, ಅದು ಕೆಡಲಿಲ್ಲ. ಅಂದರೆ ದೇವರು ಉಳಿತಾಯವನ್ನೇ ವಿರೋಧಿಸಿದರು ಎಂದು ತಿಳಿಯಬಾರದು. ಮಗಳ ಕಾಲೇಜಿನ ಶುಲ್ಕಕ್ಕಾಗಿ ತಿಂಗಳು ತಿಂಗಳು ಒಂದಿಷ್ಟು ಕಟ್ಟುವ ತಾಯಿಯನ್ನು ಈ ಅಧ್ಯಾಯ ತೋರಿಸಿ ಹೆದರಿಸುವುದು ಬೇಡ. ಸಂತ ಪೌಲರು ಈ ಮನ್ನದ ಮಾತನ್ನು ಎಲ್ಲಿ ಬಳಸಿದರು ಎಂಬುದನ್ನು ಗಮನಿಸಬೇಕು. ಜೆರುಸಲೇಮಿನ ಬಡ ಭಕ್ತರಿಗಾಗಿ ಹಣ ಸಂಗ್ರಹಿಸುವಾಗ, ಕೊರಿಂಥದವರಿಗೆ ಬರೆದ ಎರಡನೆಯ ಪತ್ರದ 8ನೆಯ ಅಧ್ಯಾಯದಲ್ಲಿ, ನಿಮ್ಮ ಸಮೃದ್ಧಿ ಅವರ ಕೊರತೆಯನ್ನು ತುಂಬಲಿ ಎಂದು ವಿವರಿಸಲು ಅವರು ಇದನ್ನೇ ನೆನಪಿಸಿದರು. ಒಬ್ಬರ ‘ಸಾಕು’ ಇನ್ನೊಬ್ಬರ ಪೋಷಣೆಯಾಯಿತು.

ಪ್ರಭು ಕಲಿಸಿದ ಪ್ರಾರ್ಥನೆಯಲ್ಲಿ ನಾವು ‘ಅನುದಿನದ ಆಹಾರ’ ಎಂದು ಹೇಳುತ್ತೇವಲ್ಲ, ಆ ‘ಅನುದಿನದ’ ಎಂಬುದಕ್ಕೆ ಗ್ರೀಕ್ ಮೂಲದಲ್ಲಿರುವ ಪದ ‘ಎಪಿಊಸಿಯೋಸ್’. ಶುಭಸಂದೇಶಕಾರರೇ ಇದನ್ನು ಹೊಸದಾಗಿ ರಚಿಸಿರಬೇಕೆಂದು 3ನೆಯ ಶತಮಾನದ ಒರಿಗೆನ್ ಬರೆದರು. ಸಂತ ಜೆರೋಮರು ಲತೀನ್ ಭಾಷೆಗೆ ತರುವಾಗ ಇದೇ ಪದವನ್ನು ಲೂಕರಲ್ಲಿ ‘ದಿನದಿನದ’ ಎಂದೂ ಮತ್ತಾಯರಲ್ಲಿ ಬೇರೊಂದು ಗಹನವಾದ ಪದದಿಂದಲೂ ಅನುವಾದಿಸಿದರು. ಎಷ್ಟು ರೊಟ್ಟಿ ಕೇಳಬೇಕು ಎಂಬುದಕ್ಕೆ ಸಿದ್ಧವಾದ ಪದ ಅವರಿಗೂ ಸುಲಭವಾಗಿ ಸಿಗಲಿಲ್ಲ. ನಮಗೆ ಕಷ್ಟವಾಗುವುದರಲ್ಲಿ ಆಶ್ಚರ್ಯವೇನು?

ಇಲ್ಲಿ ಒಂದು ಆಕ್ಷೇಪ ಬರಬಹುದು. ಲೂಕರ ಶುಭಸಂದೇಶದ 12ನೆಯ ಅಧ್ಯಾಯದಲ್ಲಿ ಬರುವ ಧನಿಕನೂ ‘ಸಾಕು’ ಎಂದನಲ್ಲವೇ? ಹಳೆಯ ಕಣಜ ಕೆಡವಿ ದೊಡ್ಡದನ್ನು ಕಟ್ಟಿ, ಇನ್ನು ಅನೇಕ ವರ್ಷಗಳಿಗೆ ಆಗುವಷ್ಟಿದೆ ಎಂದು ತನ್ನ ಮನಸ್ಸಿಗೇ ಹೇಳಿಕೊಂಡವನು ಅವನು. ದೇವರು ಅವನನ್ನು ಮೂರ್ಖ ಎಂದರು. ಏಕೆಂದರೆ ಅವನ ‘ಸಾಕು’ ಎಂಬ ಮಾತಿನಿಂದ ಒಂದು ನರಪಿಳ್ಳೆಯೂ ಉಣ್ಣಲಿಲ್ಲ. ಆ ಕಥೆಯಲ್ಲಿ ಅವನು ತನ್ನೊಡನೆಯೇ ಮಾತನಾಡಿಕೊಳ್ಳುತ್ತಾನೆ, ಬೇರೆ ಮನುಷ್ಯರ ಸುಳಿವೇ ಇಲ್ಲ.

ಇನ್ನು ‘ಸಾಕು’ ಎಂಬುದನ್ನು ಬೇರೆಯವರ ಬಾಯಿಂದ ಬಲವಂತವಾಗಿ ಹೇಳಿಸುವ ರೂಢಿಯೂ ನಮ್ಮಲ್ಲಿದೆ. ಎಲ್ಲರೂ ಉಂಡ ಮೇಲೆ ಪಾತ್ರೆಯ ತಳ ಕೆರೆದು ಕುಳಿತುಕೊಳ್ಳುವ ಗೃಹಿಣಿ ‘ನನಗೆ ಇಷ್ಟೇ ಸಾಕು’ ಎನ್ನುತ್ತಾಳೆ. ನಾವು ಅದನ್ನು ತಾಯಿಯ ತ್ಯಾಗವೆಂದು ಹಾಡಿ ಹೊಗಳುತ್ತೇವೆ, ಪ್ರಸಂಗಗಳಲ್ಲಿಯೂ ಉದಾಹರಿಸುತ್ತೇವೆ. ಪಾತ್ರೆಯಲ್ಲಿ ಉಳಿದಿರುವುದೇ ಅಷ್ಟು ಎಂದಾಗ ಅವಳು ಬೇರೇನು ಹೇಳಬಲ್ಲಳು? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇಕಡಾ 57 ಮಂದಿಗೆ ರಕ್ತಹೀನತೆಯಿದೆ. ಅದೇ ವಯಸ್ಸಿನ ಗಂಡಸರಲ್ಲಿ ಅದು ಶೇಕಡಾ 25. ಈ ಅಂತರಕ್ಕೆ ಶರೀರಧರ್ಮವೂ ಸೇರಿದಂತೆ ಕಾರಣಗಳು ಹಲವು, ಒಪ್ಪೋಣ. ಆದರೆ ಯಾರು ಕೊನೆಯಲ್ಲಿ ಉಣ್ಣುತ್ತಾರೆ ಎಂಬುದೂ ಒಂದು ಕಾರಣವಲ್ಲವೆಂದು ಯಾವ ಮನೆಯ ಯಜಮಾನ ಎದೆ ಮುಟ್ಟಿ ಹೇಳಬಲ್ಲ? ಇಂಥ ‘ಸಾಕು’ ತೃಪ್ತಿಯ ಮಾತಲ್ಲ. ಕ್ರೈಸ್ತ ಕುಟುಂಬದಲ್ಲಿ ಅದನ್ನು ಸದ್ಗುಣವೆಂದು ಕರೆಯುವುದನ್ನು ನಾವು ನಿಲ್ಲಿಸಬೇಕು.

ಕೂಲಿಯ ವಿಷಯದಲ್ಲಿಯೂ ಹೀಗೆಯೇ. ‘ಅವನು ಒಪ್ಪಿಕೊಂಡೇ ಬಂದಿದ್ದಾನೆ, ಅವನಿಗೆ ಅಷ್ಟು ಸಾಕು’ ಎಂದು ಮನೆಗೆಲಸದವರ, ತೋಟದ ಆಳುಗಳ ಬಗ್ಗೆ ಹೇಳುವವರು ನಮ್ಮ ನಡುವೆ ಬೇಕಾದಷ್ಟು ಮಂದಿ. ಜಗದ್ಗುರು 13ನೆಯ ಲಿಯೋ ಅವರು 1891ರಲ್ಲಿ ‘ರೇರುಂ ನೊವಾರುಂ’ ಎಂಬ ವಿಶ್ವಪತ್ರದಲ್ಲಿ ಈ ವಾದಕ್ಕೆ ಉತ್ತರ ಕೊಟ್ಟಾಗಿದೆ. ಮಿತವಾಗಿ ಬಾಳುವ ಕಾರ್ಮಿಕನ ಜೀವನಕ್ಕೆ ಕೂಲಿ ಸಾಲಬೇಕು, ಇದು ಇಬ್ಬರ ಒಪ್ಪಂದಕ್ಕಿಂತಲೂ ಹಿರಿದಾದ ನ್ಯಾಯ, ಬೇರೆ ಗತಿಯಿಲ್ಲದೆಯೋ ಭಯದಿಂದಲೋ ಅವನು ಒಪ್ಪಿಕೊಂಡರೆ ಅದು ಅವನ ಮೇಲಿನ ಬಲಾತ್ಕಾರವೇ ಸರಿ ಎಂದು ಅವರು ಬೋಧಿಸಿದರು. 2025ರಲ್ಲಿ ಆಯ್ಕೆಯಾದ ಜಗದ್ಗುರುಗಳು ಲಿಯೋ ಎಂಬ ಹೆಸರನ್ನು ತೆಗೆದುಕೊಂಡದ್ದಕ್ಕೆ ಮುಖ್ಯ ಕಾರಣ ಆ ವಿಶ್ವಪತ್ರವೇ ಎಂದು ತಾವೇ ತಿಳಿಸಿದ್ದಾರೆ. ಬಡಿಸುವ ಸ್ಥಾನದಲ್ಲಿರುವವನು ‘ನಿನಗೆ ಸಾಕು’ ಎನ್ನಬಾರದೆಂಬ ಪಂಕ್ತಿಯ ನಿಯಮವನ್ನು ಶ್ರೀಸಭೆ ನೂರಮೂವತ್ತಕ್ಕೂ ಹೆಚ್ಚು ವರ್ಷಗಳಿಂದ ಹೇಳುತ್ತಾ ಬಂದಿದೆ ಎಂದಾಯಿತು.

‘ಸಾಕು’ ಎಂಬುದರ ವಿರುದ್ಧ ಪದ ‘ಸಾಲದು’. ಅದಕ್ಕೂ ‘ಸಾಲ’ಕ್ಕೂ ವ್ಯಾಕರಣದ ನಂಟು ಏನೇ ಇರಲಿ, ಸಂಸಾರದ ನಂಟಂತೂ ಹತ್ತಿರದ್ದು. ಚಿನ್ನ ಸಾಲದು, ಛತ್ರ ಸಾಲದು, ಕರೆದ ಜನ ಸಾಲದು ಎನ್ನುತ್ತಾ ಮೂರು ದಿನದ ಸಂಭ್ರಮಕ್ಕೆ ಹತ್ತು ವರ್ಷದ ಕಂತು ಕಟ್ಟುವ ಕುಟುಂಬಗಳನ್ನು ಪ್ರತಿಯೊಂದು ಧರ್ಮಕೇಂದ್ರವೂ ಬಲ್ಲದು. ವರದಕ್ಷಿಣೆಯನ್ನು 1961ರ ಕಾಯಿದೆ ನಿಷೇಧಿಸಿದೆ. ಕಿರುಸಾಲ ವಸೂಲಿಯ ಹಿಂಸೆಯನ್ನು ತಡೆಯಲು ನಮ್ಮ ರಾಜ್ಯ ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಕಾಯಿದೆಗಳು ವಸೂಲಿಗಾರನ ಕೈ ಹಿಡಿದಾವು. ಬೀಗರ ಬಾಯಲ್ಲಿ ‘ಸಾಕು’ ಎಂಬ ಪದವನ್ನು ಇಡುವ ಶಕ್ತಿ ಅವಕ್ಕಿಲ್ಲ.

ಇದುವರೆಗೆ ನಾವು ಅನ್ನದ, ಹಣದ ‘ಸಾಕು’ಗಳನ್ನು ನೋಡಿದೆವು. ಇವೆಲ್ಲಕ್ಕಿಂತ ಭಾರವಾದದ್ದು ಇನ್ನೊಂದಿದೆ. ಬದುಕಿದ್ದು ಸಾಕು ಎಂಬ ಮಾತು ಅದು. ಪ್ರವಾದಿ ಎಲೀಯ ಅದನ್ನು ಆಡಿದ. ಅರಸುಗಳ ಮೊದಲನೆಯ ಗ್ರಂಥದ 19ನೆಯ ಅಧ್ಯಾಯವನ್ನು ಓದಿ ನೋಡಿ: ರಾಣಿ ಈಜೆಬೆಲಳಿಗೆ ಹೆದರಿ ಮರುಭೂಮಿಯಲ್ಲಿ ಒಂದು ದಿನದ ದಾರಿ ನಡೆದು, ಗಿಡದ ಬುಡದಲ್ಲಿ ಕುಳಿತು, ಸಾಕಾಯಿತು, ನನ್ನ ಪ್ರಾಣ ತೆಗೆದುಕೊಳ್ಳಿ ಎಂದು ಅವನು ಬೇಡಿಕೊಂಡ. ದೇವರು ಅವನನ್ನು ಗದರಿಸಲಿಲ್ಲ, ವಿಶ್ವಾಸ ಸಾಲದೆಂದು ಉಪದೇಶಿಸಲಿಲ್ಲ. ದೂತ ಬಂದು ಮುಟ್ಟಿ ಎಬ್ಬಿಸಿದ. ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು ತಲೆಯ ಬಳಿಯಿತ್ತು. ಅವನು ಉಂಡು ಮತ್ತೆ ಮಲಗಿದ. ದೂತ ಎರಡನೆಯ ಸಲವೂ ಎಬ್ಬಿಸಿ ಉಣಿಸಿದ. ಅವನ ‘ಸಾಕು’ ಎಂಬ ಕೂಗಿಗೆ ದೇವರು ಕೊಟ್ಟ ಉತ್ತರ ಅವನನ್ನು ಸಾಕುವುದಾಗಿತ್ತು. ಬದುಕಿದ್ದು ಸಾಕು ಎಂದು ಮನೆಯಲ್ಲಿ ಯಾರಾದರೂ, ಹಿರಿಯರಾಗಲಿ ಹದಿಹರೆಯದವರಾಗಲಿ, ಗೊಣಗಿದರೆ ನಾವು ಮೊದಲು ಮಾಡಬೇಕಾದದ್ದೇನು ಎಂಬುದಕ್ಕೆ ಇಷ್ಟು ಸರಳವಾದ ಪಾಠ ಬೇರೆ ಸಿಗದು. ಮುಟ್ಟಿ ಎಬ್ಬಿಸಬೇಕು, ಉಣಿಸಬೇಕು, ಮಲಗಲು ಬಿಡಬೇಕು, ಮತ್ತೆ ಬರಬೇಕು. ವೈದ್ಯರ ಬಳಿಗೆ ಕರೆದೊಯ್ಯುವುದೂ ಈ ಸಾಕುವಿಕೆಯಲ್ಲಿ ಸೇರಿದೆ.

ಸಾಕುವುದಕ್ಕೆ ಶ್ರೀಸಭೆ ಮಾದರಿಯಾಗಿ ತೋರಿಸುವವರು ಸಂತ ಜೋಸೆಫರು, ಪ್ರಭು ಯೇಸುವಿನ ಸಾಕುತಂದೆ. ನಾಲ್ಕು ಶುಭಸಂದೇಶಗಳಲ್ಲಿ ಅವರು ಆಡಿದ ಒಂದು ಮಾತೂ ದಾಖಲಾಗಿಲ್ಲ. 2020ರ ಡಿಸೆಂಬರಿನಲ್ಲಿ ಜಗದ್ಗುರು ಫ್ರಾನ್ಸಿಸರು ಅವರ ಕುರಿತು ಬರೆದ ಪತ್ರದಲ್ಲಿ, ಮಗುವನ್ನು ಹುಟ್ಟಿಸಿದ ಮಾತ್ರಕ್ಕೆ ಯಾರೂ ತಂದೆಯಾಗುವುದಿಲ್ಲ, ಅದರ ಪಾಲನೆಯ ಹೊಣೆ ಹೊತ್ತಾಗಲೇ ತಂದೆಯಾಗುವುದು ಎಂಬ ಅರ್ಥದ ಮಾತು ಬರುತ್ತದೆ. ಆ ಲೆಕ್ಕದಲ್ಲಿ ಪ್ರತಿಯೊಬ್ಬ ತಂದೆಯೂ ಸಾಕುತಂದೆಯೇ. ಮುಂದೆ ತಂದೆಗೆ ವಯಸ್ಸಾದಾಗ ಮಕ್ಕಳು ಸಾಕುವವರಾಗುತ್ತಾರೆ.

ಅಲ್ಲಿಯೇ ಇಂದಿನ ಅತ್ಯಂತ ಕಠಿಣ ಪ್ರಶ್ನೆ ಎದುರಾಗುತ್ತದೆ. ಎಂಬತ್ತು ದಾಟಿದ ತಂದೆ ತೀವ್ರ ನಿಗಾ ಘಟಕದಲ್ಲಿದ್ದಾರೆ. ಉಸಿರಾಟಕ್ಕೆ ಯಂತ್ರ, ಮೈತುಂಬ ನಳಿಗೆ. ವೈದ್ಯರು ಆಸೆಯ ಮಾತು ಆಡುತ್ತಿಲ್ಲ. ಒಬ್ಬ ಮಗ ಜಮೀನು ಮಾರಿಯಾದರೂ ಮುಂದುವರಿಸೋಣ ಎನ್ನುತ್ತಾನೆ, ಇನ್ನೊಬ್ಬಳು ಸಾಕು ಎನ್ನುತ್ತಾಳೆ, ಆಡಿದ ಮರುಕ್ಷಣವೇ ಪಾಪಭೀತಿಯಿಂದ ಅಳುತ್ತಾಳೆ. ಅವಳಿಗೆ ಯಾರಾದರೂ ಶ್ರೀಸಭೆಯ ಬೋಧನೆಯನ್ನು ತಿಳಿಸಬೇಕು. ದುಬಾರಿಯೂ ಅಪಾಯಕರವೂ ಅಸಾಧಾರಣವೂ ಆದ, ಅಥವಾ ಸಿಗುವ ಫಲಕ್ಕೆ ಮೀರಿದ ಚಿಕಿತ್ಸೆಯನ್ನು ನಿಲ್ಲಿಸುವುದು ನ್ಯಾಯಸಮ್ಮತವಾಗಬಹುದು, ಅದು ಕೊಲ್ಲುವುದಲ್ಲ, ಸಾವನ್ನು ತಡೆಯಲಾಗದೆಂದು ಒಪ್ಪಿಕೊಳ್ಳುವುದು ಎಂದು 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮಸಭೆಯ ಸತ್ಯೋಪದೇಶದ 2278ನೆಯ ಪರಿಚ್ಛೇದ ಹೇಳುತ್ತದೆ. ಆ ತೀರ್ಮಾನ, ಶಕ್ತಿಯಿರುವಾಗ, ರೋಗಿಯದೇ ಆಗಿರಬೇಕು ಎಂದೂ ಅಲ್ಲಿಯೇ ಇದೆ. ಉಣ್ಣುವವನೇ ‘ಸಾಕು’ ಎನ್ನಬೇಕು. ಮುಂದಿನ ಪರಿಚ್ಛೇದ ಇನ್ನೂ ಮುಖ್ಯ: ಸಾವು ಹತ್ತಿರವಿದ್ದರೂ ರೋಗಿಗೆ ಸಲ್ಲಬೇಕಾದ ಸಾಮಾನ್ಯ ಆರೈಕೆಯನ್ನು ನಿಲ್ಲಿಸುವಂತಿಲ್ಲ. ಯಂತ್ರ ಸಾಕು ಎನ್ನಬಹುದು, ಅಪ್ಪನನ್ನು ಸಾಕುವುದನ್ನು ಸಾಕು ಎನ್ನಲಾಗದು. ತುಟಿಗೆ ನೀರು, ಮಗ್ಗುಲು ಬದಲಿಸುವುದು, ನೋವಿಗೆ ಔಷಧ, ಹಿಡಿದುಕೊಳ್ಳಲು ಒಂದು ಕೈ, ಗುರುಗಳನ್ನು ಕರೆಸಿ ಕೊಡಿಸುವ ಸಂಸ್ಕಾರ, ಇವು ಕೊನೆಯ ಉಸಿರಿನವರೆಗೂ ಮುಂದುವರಿಯುತ್ತವೆ. ಆ ಮಗಳು ಅಳುತ್ತಾ ‘ಸಾಕು’ ಎಂದದ್ದು ಯಂತ್ರಕ್ಕೆ. ತಂದೆಯ ಕಾಲ ಬಳಿಯಿಂದ ಅವಳು ಕದಲಿರುವುದಿಲ್ಲ.

ಮುಂದೆ ನನಗೆ ಇಂತಿಂಥ ಚಿಕಿತ್ಸೆ ಬೇಡ ಎಂದು ಮೊದಲೇ ಬರೆದಿಡಲು ನಮ್ಮ ಸರ್ವೋಚ್ಚ ನ್ಯಾಯಾಲಯ 2018ರಲ್ಲಿ ಅವಕಾಶ ಕೊಟ್ಟಿದೆ. 2023ರಲ್ಲಿ ಆ ಕ್ರಮವನ್ನು ಸರಳಗೊಳಿಸಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಮುಂದೆ ಮಾಡಿಸಿದರೆ ಸಾಕೆಂದು ತಿಳಿಸಿದೆ. ಕಾಗದ ಬರೆಯುವ ಮೊದಲು ಧರ್ಮಗುರುಗಳೊಡನೆ, ವೈದ್ಯರೊಡನೆ ಮಾತನಾಡುವುದು ಒಳ್ಳೆಯದು. ಏಕೆಂದರೆ ಕಾನೂನು ಬಿಟ್ಟುಕೊಟ್ಟದ್ದೆಲ್ಲವನ್ನೂ ವಿಶ್ವಾಸ ಒಪ್ಪಬೇಕೆಂದಿಲ್ಲ. ಕಾಗದಕ್ಕಿಂತ ಮೊದಲು ಮನೆಯೊಳಗೆ ಮಾತುಕತೆಯಾಗಬೇಕು. ಆಸ್ಪತ್ರೆಯ ಪಡಸಾಲೆ ಅದಕ್ಕೆ ತಕ್ಕ ಜಾಗವಲ್ಲ. ಭಾನುವಾರ ಪೂಜೆ ಮುಗಿಸಿ ಬಂದು, ಮೊಮ್ಮಕ್ಕಳು ಅಂಗಳದಲ್ಲಿ ಆಡುತ್ತಿರುವಾಗ, ಅಪ್ಪನಿಗೆ ಇನ್ನೂ ನೆನಪು ಗಟ್ಟಿಯಿರುವಾಗ ಕೇಳಬಹುದು: ‘ಅಪ್ಪಾ, ನಿಮಗೆ ಯಾವುದು ಸಾಕು, ಯಾವುದು ಸಾಲದು?’ ಅವರು ಮೊದಲು ಸಿಡುಕಿಯಾರು. ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿದ್ದರೆ ಉತ್ತರ ಹೇಳುತ್ತಾರೆ.