ಹೊತ್ತು ತಂದವರನ್ನು ಮರೆಯಬೇಡಿ

ವಾಕ್ಯಭಾಗ: ಮಾರ್ಕ 2:1-12, ಮಾರ್ಕ 6:17-28

ಪಕ್ಕದಲ್ಲಿ ಕೂತವರಿಗೆ ಒಂದು ಸಲ ಹೇಳಿ: "ಇಷ್ಟು ವರ್ಷ ನನ್ನನ್ನು ನಡೆಸಿದವನು ದೇವರು." ಹಲ್ಲೆಲೂಯಾ.

ಕಳೆದ ವಾರ ನಮ್ಮ ತಂದೆಯವರಿಗೆ 70 ವರ್ಷ ತುಂಬಿತು. ನಿಮ್ಮಲ್ಲಿ ಅನೇಕರು ಫೋನ್ ಮಾಡಿ ಪ್ರಾರ್ಥಿಸಿದಿರಿ, ಸ್ತೋತ್ರ. ದಾಖಲೆ ಪ್ರಕಾರ ಅವರು ಹುಟ್ಟಿದ್ದು ಜೂನ್ 1. ಆ ಕಾಲದವರಲ್ಲಿ ಅರ್ಧ ಊರೇ ಜೂನ್ 1ಕ್ಕೆ ಹುಟ್ಟಿದೆ! ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದುಕೊಂಡ ತಾರೀಕು ಅದು. ನಮ್ಮಜ್ಜಿ ಹೇಳುತ್ತಿದ್ದದ್ದು, "ಆರಿದ್ರಾ ಮಳೆ ಹಿಡಿದಾಗ ಹುಟ್ಟಿದ" ಅಂತ. ಅಷ್ಟೇ ಲೆಕ್ಕ. ತಾರೀಕು ತಪ್ಪಿರಬಹುದು, ಆದರೆ ಆಯುಸ್ಸು ಕೊಟ್ಟ ದೇವರು ಲೆಕ್ಕ ತಪ್ಪಿಲ್ಲ. ಆಮೆನ್?

ಕೆಲವರು ಕೇಳ್ತಾರೆ, "ಪಾಸ್ಟರ್, ವಿಶ್ವಾಸಿಗಳು ಬರ್ತ್‌ಡೇ ಮಾಡಬಹುದಾ? ಬೈಬಲ್‌ನಲ್ಲಿ ಹುಟ್ಟುಹಬ್ಬ ಮಾಡಿದವರು ಫರೋಹ, ಹೆರೋದ. ಎರಡು ಕಡೆನೂ ಒಬ್ಬೊಬ್ಬರ ಜೀವ ಹೋಯಿತಲ್ಲ?" ಒಳ್ಳೆ ಪ್ರಶ್ನೆ. ಆದರೆ ನಿಧಾನವಾಗಿ ಓದಿ. ಅಲ್ಲಿ ತಪ್ಪಾದದ್ದು ಊಟದಲ್ಲೋ?

ಆದಿಕಾಂಡ 40 ನೋಡಿ. ಫರೋಹನ ಹುಟ್ಟಿದ ದಿನ ಪಾನದಾಯಕನಿಗೆ ಬಿಡುಗಡೆ ಆಯಿತು, ಕೆಲಸ ವಾಪಸ್ ಸಿಕ್ಕಿತು. ಜೈಲಿನಲ್ಲಿ ಅವನು ಕಳವಳದಿಂದ ಕೂತಿದ್ದಾಗ ಹತ್ತಿರ ಬಂದು ಮಾತಾಡಿಸಿದವನು ಯಾರು? ಯೋಸೇಫ. ಅವನು ಕೇಳಿಕೊಂಡದ್ದು ಒಂದೇ, ಹೊರಗೆ ಹೋದ ಮೇಲೆ ನನ್ನ ನೆನಪಿರಲಿ ಅಂತ. ಆ ಅಧ್ಯಾಯ ಮುಗಿಯೋದೇ ಪಾನದಾಯಕ ಯೋಸೇಫನನ್ನು ಮರೆತ ಅನ್ನೋ ಮಾತಿನಿಂದ. ಎರಡು ವರ್ಷ ಮರೆತ.

ಈಗ ಮಾರ್ಕ 6. ಹೆರೋದನ ಹುಟ್ಟುಹಬ್ಬಕ್ಕೆ ಯಾರು ಬಂದಿದ್ದರು? ಅಧಿಕಾರಿಗಳು, ಸೇನಾಪತಿಗಳು, ಗಲಿಲಾಯದ ದೊಡ್ಡ ಮನುಷ್ಯರು. ಯೋಹಾನನ ಮಾತು ಹೆರೋದನಿಗೆ ಇಷ್ಟವಿತ್ತು, ಅವನ ತಲೆ ಕೇಳಿದಾಗ ಅವನಿಗೆ ದುಃಖವೂ ಆಯಿತು. ಆದರೂ ಯಾಕೆ ಒಪ್ಪಿದ? ಆಣೆ ಇಟ್ಟಿದ್ದ, ಜೊತೆಗೆ ಪಂಕ್ತಿಯಲ್ಲಿ ಕೂತವರ ಮುಖ ನೋಡಿದ. "ಬೇಡ ಮಹಾರಾಯ, ಇದು ತಪ್ಪು" ಅಂತ ಹೇಳುವ ಒಬ್ಬ ಸ್ನೇಹಿತ ಆ ಸಭಾಂಗಣದಲ್ಲಿ ಇರಲಿಲ್ಲ, ಪ್ರಿಯರೇ. ಎಲೆ ತುಂಬಾ ಊಟ, ಮನೆ ತುಂಬಾ ಜನ, ಸ್ನೇಹಿತ ಮಾತ್ರ ಒಬ್ಬನೂ ಇಲ್ಲ.

ಅದೇ ಮಾರ್ಕನ ಸುವಾರ್ತೆ 2ನೇ ಅಧ್ಯಾಯಕ್ಕೆ ಬನ್ನಿ. ಕಪೆರ್ನೌಮಿನ ಒಂದು ಮನೆ. ಬಾಗಿಲ ತನಕ ಜನ. ಪಾರ್ಶ್ವವಾಯು ರೋಗಿಯನ್ನು ನಾಲ್ಕು ಜನ ಹೊತ್ತು ತಂದರು. ಒಳಗೆ ಹೋಗೋಕೆ ಜಾಗ ಇಲ್ಲ. ವಾಪಸ್ ಹೋದರಾ? ಇಲ್ಲ! ಚಾವಣಿ ಹತ್ತಿ, ಕಿತ್ತು, ಹಾಸಿಗೆ ಸಮೇತ ಕೆಳಗೆ ಇಳಿಸಿದರು. ಆಗ ಯೇಸು ಸ್ವಾಮಿ ನೋಡಿದ್ದು ಆ ಹೊತ್ತು ತಂದವರ ನಂಬಿಕೆಯನ್ನು. ಆ ನಾಲ್ವರ ಹೆಸರು ಸತ್ಯವೇದದಲ್ಲಿ ಎಲ್ಲೂ ಇಲ್ಲ. ಆದರೆ ಕರ್ತನು ಅವರನ್ನು ಕಂಡನು.

ಈಗ ನಮ್ಮ ಮನೆ ವಿಷಯ ಹೇಳ್ತೀನಿ. ಇದು ಸಾಕ್ಷಿ ಅನ್ನೋದಕ್ಕಿಂತ ನನ್ನ ತಪ್ಪೊಪ್ಪಿಗೆ.

ನಮ್ಮ ತಂದೆ ಭದ್ರಾವತಿಯ ಪೇಪರ್ ಟೌನ್‌ನಲ್ಲಿ ಶಿಫ್ಟ್ ಕೆಲಸ ಮಾಡುತ್ತಿದ್ದರು. ಅವರಿಗೆ ನಾಲ್ಕು ಜನ ಸ್ನೇಹಿತರು. ಆಟೋ ಮಾಮ, ಚಾಚಾ, ಕ್ಯಾಂಟೀನಿನ ಅಣ್ಣಾಚಿ, ಪಕ್ಕದ ಮನೆ ಮೇಷ್ಟ್ರು. 1998ರ ಮಳೆಗಾಲದ ಒಂದು ರಾತ್ರಿ ಅಪ್ಪನಿಗೆ ತಡೆಯಲಾರದ ಹೊಟ್ಟೆನೋವು. ಕರೆಂಟ್ ಇಲ್ಲ, ನಮ್ಮ ಬೀದಿಯಲ್ಲಿ ಮೊಣಕಾಲುದ್ದ ನೀರು, ಆಟೋ ಒಳಗೆ ಬರೋಕೆ ಆಗಲಿಲ್ಲ. ಈ ನಾಲ್ಕು ಜನ ಅಪ್ಪನನ್ನು ಮಂಚದ ಸಮೇತ ಎತ್ತಿಕೊಂಡು ಮೇನ್ ರೋಡ್ ತನಕ ನಡೆದರು. ನಾನು ಕೊಡೆ ಹಿಡಿದು ಹಿಂದೆ ಓಡಿದೆ. ಶಿವಮೊಗ್ಗದಲ್ಲಿ ಆಪರೇಷನ್ ಆಯಿತು. ಇನ್ನೊಂದು ಗಂಟೆ ತಡವಾಗಿದ್ದರೆ ಉಳಿಯುತ್ತಿರಲಿಲ್ಲ ಅಂದರು ಡಾಕ್ಟರ್. ಆಸ್ಪತ್ರೆಯಲ್ಲಿ ಒಬ್ಬ ತಾಯಿ ಬಂದು ಪ್ರಾರ್ಥಿಸಿದರು. ಅಲ್ಲಿಂದ ನಮ್ಮ ಕುಟುಂಬ ಕರ್ತನನ್ನು ತಿಳಿಯಿತು. ಹಲ್ಲೆಲೂಯಾ!

ಮುಂದೆ ನಾನು ಬೈಬಲ್ ಕಾಲೇಜಿಗೆ ಹೋದೆ. ಡಿಪ್ಲೊಮಾ ಮುಗಿಸಿ ಬಂದೆ. ತಲೆ ತುಂಬಾ ಉತ್ಸಾಹ, ನಾಲಿಗೆಗೆ ಹಿಡಿತ ಇಲ್ಲ. ಆ ವರ್ಷ ಆಯುಧ ಪೂಜೆ ದಿನ ಆಟೋ ಮಾಮ ಎಂದಿನಂತೆ ಡಬ್ಬಿಯಲ್ಲಿ ಹೋಳಿಗೆ ತಂದರು. ನಾನು ಬಾಗಿಲಲ್ಲೇ ಅಡ್ಡ ನಿಂತು, "ಇನ್ನು ಮೇಲೆ ಇದೆಲ್ಲ ನಮ್ಮ ಮನೆಗೆ ತರಬೇಡಿ" ಅಂದೆ. ಅವರು ಏನೂ ಹೇಳಲಿಲ್ಲ. ಡಬ್ಬಿ ತಗೊಂಡು ಹೋದರು. ಅಪ್ಪ ಒಳಗಿಂದ ನೋಡುತ್ತಿದ್ದರು. ಅವರೂ ಏನೂ ಹೇಳಲಿಲ್ಲ. ಅವತ್ತಿಂದ ನಾಲ್ವರೂ ನಮ್ಮ ಮನೆಗೆ ಬರೋದು ನಿಲ್ಲಿಸಿದರು. ನಾನು ಅದನ್ನ ವಿಜಯ ಅಂದುಕೊಂಡೆ, ಪ್ರಿಯರೇ. ದೇವರು ನನ್ನನ್ನು ಕ್ಷಮಿಸಲಿ.

ಈ ಸಲ 70ನೇ ವರ್ಷಕ್ಕೆ ದೊಡ್ಡ ಸ್ತೋತ್ರ ಕೂಟ ಅಂತ ನಾನು ಪಟ್ಟಿ ಮಾಡಿದೆ. ಪಾಸ್ಟರ್‌ಗಳು, ಹಿರಿಯರು, ಬೆಂಗಳೂರಿಂದ ಒಬ್ಬ ಸಂದೇಶಕರು, ಶಾಮಿಯಾನ, ಸೌಂಡ್ ಸಿಸ್ಟಂ. ಅಪ್ಪನಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ಮೇಲಿಂದ ಕೆಳಗೆ ಓದಿದರು. "ಚೆನ್ನಾಗಿದೆ ಮಗಾ. ಆದರೆ ಇದರಲ್ಲಿ ನನ್ನನ್ನ ಹೊತ್ತವರು ಯಾರೂ ಇಲ್ಲವಲ್ಲ?" ಅಂದರು.

ಆ ರಾತ್ರಿ ನನಗೆ ನಿದ್ದೆ ಇಲ್ಲ. ಮತ್ತಾಯ 5:23-24 ನಿಮಗೆ ಗೊತ್ತು. ನಾನೇ ಎಷ್ಟೋ ಸಲ ಬೋಧಿಸಿದ್ದೀನಿ. ಕಾಣಿಕೆ ತಂದಾಗ ಸಹೋದರನಿಗೆ ನಿನ್ನ ಮೇಲೆ ಏನಾದರೂ ಇದೆ ಅಂತ ನೆನಪಾದರೆ, ಕಾಣಿಕೆ ಅಲ್ಲೇ ಬಿಟ್ಟು ಮೊದಲು ಅವನ ಹತ್ತಿರ ಹೋಗು ಅಂತಾನೆ ಸ್ವಾಮಿ. ನಾನು ಸ್ತೋತ್ರ ಕಾಣಿಕೆ ಸಿದ್ಧ ಮಾಡಿದ್ದೆ, ಹೋಗಬೇಕಾದ ಮನೆಗೆ ಹೋಗಿರಲಿಲ್ಲ.

ಮಾರನೇ ದಿನ ಹೋದೆ. ಮಾಮ ಜಗಲಿ ಮೇಲೆ ಕೂತಿದ್ದರು. ಈಗ ಆಟೋ ಓಡಿಸೋದು ಅವರ ಮಗ. ಪ್ರಸಂಗ ಮಾಡುವ ನನಗೆ ಅಲ್ಲಿ ಮಾತೇ ಬರಲಿಲ್ಲ. "ಮಾಮ, ಅವತ್ತು ನಾನು ನಡೆದುಕೊಂಡಿದ್ದು ತಪ್ಪು, ಕ್ಷಮಿಸಿ" ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು, "ನೀನು ಹೋಳಿಗೆ ತಿನ್ನಲಿಲ್ಲ ಅಂತ ನಂಗೆ ಬೇಜಾರಿಲ್ಲಪ್ಪ. ಅದು ನಿನ್ನ ನಂಬಿಕೆ. ಒಳಗೆ ಬಾ ಮಾಮ ಅನ್ನಲಿಲ್ಲವಲ್ಲ, ಅದಕ್ಕೆ."

ಅವತ್ತು ಅದೇ ನನಗೆ ಸಂದೇಶ ಆಯಿತು.

ಶಾಮಿಯಾನ ಬಿಟ್ಟೆವು. ಮನೆಯಲ್ಲೇ ಮಾಡಿದೆವು. ತಂಗಿ ಮಕ್ಕಳ ಜೊತೆ ಬಂದಿದ್ದಳು. ಒಂದು ಪಾತ್ರೆ ಬಿರಿಯಾನಿ, ಸಸ್ಯಾಹಾರಿಗಳಾದ ಮೇಷ್ಟ್ರಿಗೆ ಬೇರೆ ಒಲೆಯಲ್ಲಿ ಪಲಾವ್, ಎಲ್ಲರಿಗೂ ಕೇಸರಿಬಾತ್. ಮೊಮ್ಮಕ್ಕಳು ಹಟ ಮಾಡಿ ಕೇಕ್ ಕಟ್ ಮಾಡಿಸಿದರು. ಮಾಮ ಬಂದರು, ಚಾಚಾ ಬಂದರು, ಮೇಷ್ಟ್ರು ಕೋಲು ಊರಿಕೊಂಡು ಬಂದರು. ಅಣ್ಣಾಚಿ ಬರಲಿಲ್ಲ. 2021ರಲ್ಲಿ, ಕೊರೊನಾ ಸಮಯದಲ್ಲಿ ತೀರಿಕೊಂಡರು. ಅವರ ಮಗ ಬಂದ. ಅಣ್ಣಾಚಿ ಹತ್ತಿರ ಕ್ಷಮೆ ಕೇಳೋಕೆ ನನಗೆ ಇನ್ನು ಆಗೋದಿಲ್ಲ. ಅದು ನನ್ನ ಜೊತೆ ಉಳಿಯುತ್ತೆ.

ಊಟ ಮಾಡ್ತಾ ಚಾಚಾ ಒಂದು ಮಾತು ಬಿಟ್ಟರು. ಆಪರೇಷನ್ ಆದ ವರ್ಷ ಅಪ್ಪನಿಗೆ ಎರಡು ತಿಂಗಳು ಸಂಬಳ ಇರಲಿಲ್ಲ. ನನ್ನ ಸ್ಕೂಲ್ ಫೀಸ್ ಕಟ್ಟಿದ್ದು ಈ ನಾಲ್ವರು ಸೇರಿ. ನಂಗೆ ಗೊತ್ತೇ ಇರಲಿಲ್ಲ. ಇವತ್ತು ಈ ಬೈಬಲ್ ಓದ್ತೀನಲ್ಲ, ಈ ಅಕ್ಷರ ನನಗೆ ಬಂದದ್ದು ಅವರ ದುಡ್ಡಿನಿಂದ. ಪ್ರಿಯರೇ, ಆ ರಾತ್ರಿ ಅಪ್ಪನನ್ನ ಮಾತ್ರ ಹೊತ್ತಿದ್ದಲ್ಲ. ನನ್ನನ್ನೂ ಹೊತ್ತಿದ್ದರು.

"ಪಾಸ್ಟರ್, ಅವರಿಗೆ ಸುವಾರ್ತೆ ಹೇಳಿದಿರಾ?" ಅಂತ ಕೇಳ್ತೀರಿ. ಊಟಕ್ಕೆ ಮುಂಚೆ ಯೇಸುವಿನ ನಾಮದಲ್ಲಿ ಪ್ರಾರ್ಥಿಸಿದೆ, ಎಲ್ಲರೂ ತಲೆ ಬಾಗಿಸಿದರು. ಅಪ್ಪ ತಮ್ಮ ಸಾಕ್ಷಿ ಹೇಳಿದರು, ಎಲ್ಲರೂ ಕೇಳಿದರು. ಅವರಿಗಾಗಿ ಪ್ರಾರ್ಥಿಸೋದು ನಾನು ಬಿಡೋದಿಲ್ಲ. ಆದರೆ ನಾನೇ ಮುಚ್ಚಿದ ಬಾಗಿಲಿನಿಂದ ಸುವಾರ್ತೆ ಹೊರಗೆ ಹೋಗೋದು ಹೇಗೆ? ಸತ್ಯ ಬಿಟ್ಟುಕೊಡಿ ಅಂತ ನಾನು ಹೇಳ್ತಿಲ್ಲ. ಸತ್ಯದ ಹೆಸರಲ್ಲಿ ಉಪಕಾರ ಮರೀಬೇಡಿ ಅಂತಿದ್ದೀನಿ.

ಇವತ್ತು ಕಣ್ಣು ಮುಚ್ಚಿ ಯೋಚಿಸಿ. ನೀವು ಮಲಗಿದ್ದಾಗ ಮಂಚ ಎತ್ತಿದವರು ಯಾರು? ಮದುವೆಗೆ ಸಾಲ ಕೊಟ್ಟವರು, ಹೆರಿಗೆಗೆ ಓಡಿ ಬಂದವರು, ಕೆಲಸ ಹೋದಾಗ ಅಕ್ಕಿ ತಂದವರು. ಅವರು ಈಗ ನಿಮ್ಮ ಪಟ್ಟಿಯಲ್ಲಿ ಇದ್ದಾರಾ? ಪಾನದಾಯಕನ ಹಾಗೆ ಇನ್ನೆರಡು ವರ್ಷ ಕಾಯಬೇಡಿ. ಈ ವಾರವೇ ಒಂದು ಮನೆಗೆ ಹೋಗಿ. ತಪ್ಪಿದ್ದರೆ ಒಪ್ಪಿಕೊಳ್ಳಿ. "ಒಳಗೆ ಬನ್ನಿ" ಅನ್ನಿ.

ಪ್ರಾರ್ಥನೆ ಮಾಡೋಣ. ಪರಲೋಕದ ತಂದೆಯೇ, ನಮಗೆ ಕೊಟ್ಟ ವರ್ಷಗಳಿಗಾಗಿ ಸ್ತೋತ್ರ. ಆ ವರ್ಷಗಳಲ್ಲಿ ನೀನು ಕಳುಹಿಸಿದ ಕೈಗಳಿಗಾಗಿ ಸ್ತೋತ್ರ. ನಾವು ಮುಚ್ಚಿದ ಬಾಗಿಲುಗಳನ್ನು ತೆರೆಯಲು ಬಲ ಕೊಡು, ಹೊತ್ತಿರುವಾಗಲೇ ಹೋಗುವ ಮನಸ್ಸು ಕೊಡು. ಯೇಸುವಿನ ನಾಮದಲ್ಲಿ ಬೇಡುತ್ತೇವೆ, ತಂದೆಯೇ. ಆಮೆನ್.